ಮೋಟಾರು ಕ್ಯಾರವಾನ್‌ಗಳಲ್ಲಿ ರೆಫ್ರಿಜರೇಟರ್‌ನ ಸುರಕ್ಷಿತ ಬಳಕೆ: ಅನಿಲ ಮತ್ತು ವಿದ್ಯುತ್ ಚಾಲನೆಯನ್ನು ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಮಲಗುವ ಸ್ಥಳ, ಅಡುಗೆ ಮನೆ ಹಾಗೂ ಶೌಚಾಲಯವನ್ನು ಒಳಗೊಂಡ ವಾಹನವನ್ನು ಮೋಟಾರು ಕ್ಯಾರವಾನ್ ಅಥವಾ ಮೋಟಾರ್ ಹೋಮ್ ಎಂದು ಕರೆಯಲಾಗುತ್ತದೆ. ವಿದೇಶಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ವಾಹನಗಳು ಭಾರತದಲ್ಲಿಯೂ ಪ್ರವಾಸಿಗರಿಗೆ ಬಾಡಿಗೆಗೆ ದೊರೆಯುತ್ತಿವೆ. ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಕರ್ನಾಟಕದಲ್ಲಿಯೂ ಕುಟುಂಬ ಸಮೇತ ಇಂತಹ ವಾಹನಗಳಲ್ಲಿ ಪ್ರವಾಸ ಕೈಗೊಳ್ಳುವವರಿದ್ದಾರೆ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹಾಗೂ ಯುರೋಪಿನ ದೇಶಗಳಿಗೆ ತೆರಳುವ ಕನ್ನಡಿಗರೂ ಅಲ್ಲಿ ಇವುಗಳನ್ನು ಬಾಡಿಗೆಗೆ ಪಡೆಯುತ್ತಾರೆ.

ಕ್ಯಾರವಾನ್‌ನಲ್ಲಿರುವ ಸಲಕರಣೆಗಳ ಪೈಕಿ ಹಗಲು ರಾತ್ರಿ ಎಡೆಬಿಡದೆ ನಡೆಯುವುದು ರೆಫ್ರಿಜರೇಟರ್ ಒಂದೇ. ಒಲೆಯ ಮುಂದೆ ಅಡುಗೆ ಮಾಡುವವರು ನಿಂತಿರುತ್ತಾರೆ. ಆದರೆ ಪ್ರಯಾಣಿಕರೆಲ್ಲರೂ ನಿದ್ರಿಸುತ್ತಿರುವಾಗಲೂ ರೆಫ್ರಿಜರೇಟರ್ ಯಾರ ನಿಗಾ ಇಲ್ಲದೆ ಕೆಲಸ ಮಾಡುತ್ತಿರುತ್ತದೆ. ಅನಿಲದಿಂದ ನಡೆಯುವ ರೆಫ್ರಿಜರೇಟರ್ ಆಗಿದ್ದಲ್ಲಿ ಅದರ ಹಿಂಭಾಗದಲ್ಲಿ ಸಣ್ಣದೊಂದು ಜ್ವಾಲೆ ರಾತ್ರಿಯಿಡೀ ಉರಿಯುತ್ತಿರುತ್ತದೆ. ಆದಕಾರಣ ಇದರ ಸುರಕ್ಷತೆಯು ಪ್ರಮುಖವಾಗಿ ಎರಡು ವಿಷಯಗಳನ್ನು ಅವಲಂಬಿಸಿರುತ್ತದೆ: ವಾಹನ ಇರುವ ಸ್ಥಿತಿಗೆ ತಕ್ಕ ಶಕ್ತಿಮೂಲವನ್ನು ಆರಿಸುವುದು ಹಾಗೂ ದಹನದಿಂದ ಉಂಟಾಗುವ ಹೊಗೆ ಮತ್ತು ಅನಿಲಗಳು ವಾಸದ ಭಾಗಕ್ಕೆ ಬಾರದಂತೆ ನೋಡಿಕೊಳ್ಳುವುದು. ಈ ಮಾಹಿತಿಯನ್ನು ಕ್ಯಾರವಾನ್ ಮಾಲೀಕರು, ನೋಂದಣಿಗೆ ಅರ್ಜಿ ಸಲ್ಲಿಸುವವರು ಹಾಗೂ ಬಾಡಿಗೆಗೆ ಪಡೆಯುವ ಸಾರ್ವಜನಿಕರ ಉಪಯೋಗಕ್ಕಾಗಿ ನೀಡಲಾಗಿದೆ.

1. ರೆಫ್ರಿಜರೇಟರ್‌ನ ವಿಧಗಳು

ಕ್ಯಾರವಾನ್‌ಗಳಲ್ಲಿ ಸಾಮಾನ್ಯವಾಗಿ ಎರಡು ವಿಧದ ರೆಫ್ರಿಜರೇಟರ್‌ಗಳನ್ನು ಅಳವಡಿಸಲಾಗಿರುತ್ತದೆ.

(ಅ) ಕಂಪ್ರೆಸರ್ ವಿಧ: ಮನೆಗಳಲ್ಲಿ ಬಳಸುವ ರೆಫ್ರಿಜರೇಟರ್‌ನ ತತ್ವವೇ ಇದರದ್ದು. ವಾಹನದ 12 ಅಥವಾ 24 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ನಡೆಯುವ ಮಾದರಿಗಳು ದೊರೆಯುತ್ತವೆ. ಇದರಲ್ಲಿ ಜ್ವಾಲೆ ಇರುವುದಿಲ್ಲ. ವಾಹನ ಸ್ವಲ್ಪ ಓರೆಯಾಗಿ ನಿಂತರೂ ತೊಂದರೆಯಾಗುವುದಿಲ್ಲ. ಬಿಸಿಲಿನ ಪ್ರದೇಶಗಳಲ್ಲಿಯೂ ಚೆನ್ನಾಗಿ ತಂಪು ನೀಡುತ್ತದೆ.

(ಆ) ಹೀರಿಕೆ ವಿಧ: ಇದು ಶಾಖದಿಂದ ನಡೆಯುವ ರೆಫ್ರಿಜರೇಟರ್. ಶಾಖವನ್ನು ಅನಿಲದ ಜ್ವಾಲೆಯಿಂದಾಗಲೀ, ವಿದ್ಯುತ್ ಹೀಟರ್‌ನಿಂದಾಗಲೀ ಪಡೆಯಬಹುದು. ಅನಿಲ, 12 ವೋಲ್ಟ್ ಬ್ಯಾಟರಿ ಹಾಗೂ ಹೊರಗಿನ ಮುಖ್ಯ ವಿದ್ಯುತ್ ಈ ಮೂರರಿಂದಲೂ ನಡೆಯುವ ಮಾದರಿಯನ್ನು ತ್ರಿಮುಖ ರೆಫ್ರಿಜರೇಟರ್ ಎನ್ನಬಹುದು. ವಿದೇಶಗಳಲ್ಲಿನ ಮೋಟಾರ್ ಹೋಮ್‌ಗಳಲ್ಲಿ ಈ ವಿಧವು ವ್ಯಾಪಕವಾಗಿದೆ.

ಬಾಗಿಲನ್ನು ತೆರೆದು ನೋಡಿದ ಮಾತ್ರಕ್ಕೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ನಿಯಂತ್ರಣ ಫಲಕದಲ್ಲಿ ಜ್ವಾಲೆಯ ಚಿಹ್ನೆ ಇದ್ದು, ವಾಹನದ ಹೊರಗೋಡೆಯಲ್ಲಿ ಕೆಳಗೊಂದು ಮೇಲೊಂದು ಗಾಳಿಕಿಂಡಿಗಳಿದ್ದಲ್ಲಿ ಅದು ಬಹುಮಟ್ಟಿಗೆ ಹೀರಿಕೆ ವಿಧದ ರೆಫ್ರಿಜರೇಟರ್ ಆಗಿರುತ್ತದೆ.

2. ಹೀರಿಕೆ ವಿಧದ ಕಾರ್ಯವಿಧಾನ

ಈ ವಿಧವನ್ನು ಸ್ವೀಡನ್ ದೇಶದ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬುವವರು 1922ರಲ್ಲಿ ವಿದ್ಯಾರ್ಥಿಗಳಾಗಿದ್ದಾಗ ರೂಪಿಸಿದರು. ಮುಚ್ಚಿದ ಉಕ್ಕಿನ ಕೊಳವೆಗಳೊಳಗೆ ಅಮೋನಿಯ, ನೀರು ಹಾಗೂ ಜಲಜನಕ ಇರುತ್ತವೆ. ಕೆಳಭಾಗದ ಬಾಯ್ಲರ್‌ಗೆ ಶಾಖ ತಗುಲಿದಾಗ ಅಮೋನಿಯವು ನೀರಿನಿಂದ ಬೇರ್ಪಟ್ಟು ಆವಿಯಾಗಿ ಮೇಲೇರುತ್ತದೆ. ಅಲ್ಲಿ ತಣಿದು ದ್ರವವಾಗಿ, ಪೆಟ್ಟಿಗೆಯ ಒಳಭಾಗದಲ್ಲಿ ಪುನಃ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅನಂತರ ನೀರಿನಲ್ಲಿ ಕರಗಿ ಬಾಯ್ಲರ್‌ಗೆ ಹಿಂದಿರುಗುತ್ತದೆ. ಇದರಲ್ಲಿ ಚಲಿಸುವ ಯಂತ್ರಭಾಗ ಯಾವುದೂ ಇಲ್ಲ. ಆದುದರಿಂದ ಸದ್ದೂ ಇರುವುದಿಲ್ಲ.

ಈ ಕಾರ್ಯವಿಧಾನದಿಂದ ಬಳಕೆದಾರರು ತಿಳಿದಿರಬೇಕಾದ ಮೂರು ಪರಿಣಾಮಗಳು ಉಂಟಾಗುತ್ತವೆ.

ಮೊದಲನೆಯದಾಗಿ, ದ್ರವವು ಕೇವಲ ಇಳಿಜಾರಿನ ಬಲದಿಂದ ಹರಿಯುವುದರಿಂದ ವಾಹನವು ಸಮತಟ್ಟಾಗಿ ನಿಂತಿರುವುದು ಅವಶ್ಯಕ. ಓರೆಯಾಗಿ ನಿಂತಾಗ ದ್ರವವು ಕೊಳವೆಯ ತಿರುವುಗಳಲ್ಲಿ ನಿಂತುಬಿಡುತ್ತದೆ. ಬಾಯ್ಲರ್ ಬತ್ತಿ ಅತಿಯಾಗಿ ಕಾಯುತ್ತದೆ. ಗಂಟೆಗಟ್ಟಲೆ ಹೀಗೆ ನಡೆದಲ್ಲಿ ಸರಿಪಡಿಸಲಾಗದ ಹಾನಿ ಸಂಭವಿಸುತ್ತದೆ. ಅನೇಕ ಮಾದರಿಗಳಲ್ಲಿ ಒಂದು ದಿಕ್ಕಿಗೆ ಸುಮಾರು 3 ಡಿಗ್ರಿ, ಮತ್ತೊಂದು ದಿಕ್ಕಿಗೆ ಸುಮಾರು 6 ಡಿಗ್ರಿ ಓರೆಯನ್ನು ಮಾತ್ರ ಸಹಿಸಬಹುದಾಗಿದೆ. ಚಲಿಸುವಾಗ ವಾಹನವು ಅತ್ತಿತ್ತ ಓಲಾಡುವುದರಿಂದ ದ್ರವವು ಒಂದೆಡೆ ನಿಲ್ಲುವುದಿಲ್ಲ. ಅಪಾಯವಿರುವುದು ನಿಂತ ವಾಹನದಲ್ಲಿ. ಕೊಡಗು, ಚಿಕ್ಕಮಗಳೂರು ಮೊದಲಾದ ಮಲೆನಾಡಿನ ಜಿಲ್ಲೆಗಳಲ್ಲಿ ಸಮತಟ್ಟಾದ ಜಾಗ ಸಿಗುವುದು ಕಷ್ಟ. ಅಲ್ಲಿ ಚಕ್ರದ ಕೆಳಗೆ ಮಟ್ಟದ ಹಲಗೆಗಳನ್ನಿಟ್ಟು, ರಸಮಟ್ಟದಿಂದ ಪರೀಕ್ಷಿಸಿದ ನಂತರವೇ ರೆಫ್ರಿಜರೇಟರ್ ಚಾಲನೆ ಮಾಡತಕ್ಕದ್ದು.

ಎರಡನೆಯದಾಗಿ, ಈ ವಿಧವು ನಿಧಾನವಾಗಿ ತಂಪಾಗುತ್ತದೆ. ಪೂರ್ಣ ತಂಪಾಗಲು ಎಂಟರಿಂದ ಹನ್ನೆರಡು ಗಂಟೆ ಬೇಕಾಗಬಹುದು. ಪ್ರಯಾಣದ ಹಿಂದಿನ ದಿನವೇ ಮುಖ್ಯ ವಿದ್ಯುತ್ತಿನಿಂದ ಚಾಲನೆ ಮಾಡಿ, ಮೊದಲೇ ತಣಿಸಿದ ಆಹಾರವನ್ನಷ್ಟೇ ಇಡುವುದು ಸೂಕ್ತ.

ಮೂರನೆಯದಾಗಿ, ಹೊರಗಿನ ಉಷ್ಣಾಂಶ ಹೆಚ್ಚಾದಂತೆ ತಂಪು ಕಡಿಮೆಯಾಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವಾಗ ಇಂತಹ ರೆಫ್ರಿಜರೇಟರ್‌ನ ಒಳಭಾಗ ಆಹಾರಕ್ಕೆ ಸುರಕ್ಷಿತವಾದ ಮಟ್ಟಕ್ಕೆ ಇಳಿಯದಿರಬಹುದು. ರೆಫ್ರಿಜರೇಟರ್ ಇರುವ ಬದಿಯು ನೆರಳಿಗೆ ಬರುವಂತೆ ವಾಹನವನ್ನು ನಿಲ್ಲಿಸತಕ್ಕದ್ದು.

3. ಯಾವ ಸಂದರ್ಭದಲ್ಲಿ ಯಾವ ಶಕ್ತಿಮೂಲ

ತ್ರಿಮುಖ ರೆಫ್ರಿಜರೇಟರ್ ಬಳಸುವವರು ಈ ಕೆಳಕಂಡ ಕ್ರಮವನ್ನು ಅನುಸರಿಸತಕ್ಕದ್ದು.

- ವಾಹನ ಚಲಿಸುತ್ತಿರುವಾಗ: 12 ವೋಲ್ಟ್ ವಿದ್ಯುತ್. ಸಿಲಿಂಡರ್‌ನ ವಾಲ್ವ್ ಮುಚ್ಚಿರಬೇಕು.
- ಪೆಟ್ರೋಲ್ ಬಂಕ್, ಗ್ಯಾರೇಜ್, ಮುಚ್ಚಿದ ವಾಹನ ನಿಲುಗಡೆ ಸ್ಥಳ, ದೋಣಿ ಹಾಗೂ ಸುರಂಗ: ಅನಿಲ ಸಂಪೂರ್ಣ ಬಂದ್.
- ವಿದ್ಯುತ್ ಸಂಪರ್ಕವಿರುವ ತಂಗುದಾಣ: ಮುಖ್ಯ ವಿದ್ಯುತ್.
- ವಿದ್ಯುತ್ ಇಲ್ಲದ ಬಯಲು ಜಾಗ: ವಾಹನ ಸಮತಟ್ಟಾಗಿದ್ದು, ಗಾಳಿಕಿಂಡಿಗಳು ತೆರೆದಿದ್ದಲ್ಲಿ ಮಾತ್ರ ಅನಿಲ.

ಒಮ್ಮೆಗೆ ಒಂದೇ ಶಕ್ತಿಮೂಲವನ್ನು ಬಳಸತಕ್ಕದ್ದು. ಬೇಗನೆ ತಂಪಾಗಲಿ ಎಂಬ ಉದ್ದೇಶದಿಂದ ಅನಿಲ ಮತ್ತು ವಿದ್ಯುತ್ ಎರಡನ್ನೂ ಒಟ್ಟಿಗೆ ಚಾಲನೆ ಮಾಡಿದಲ್ಲಿ ಬಾಯ್ಲರ್ ಅತಿಯಾಗಿ ಕಾಯುವುದೇ ಹೊರತು ತಂಪು ಹೆಚ್ಚುವುದಿಲ್ಲ.

4. ಬ್ಯಾಟರಿಯಿಂದ ಚಾಲನೆ

ಹೀರಿಕೆ ವಿಧದ ರೆಫ್ರಿಜರೇಟರ್‌ನ 12 ವೋಲ್ಟ್ ಹೀಟರ್ ಹೆಚ್ಚು ವಿದ್ಯುತ್ತನ್ನು ಬಳಸುತ್ತದೆ. ಉದಾಹರಣೆಗೆ, 150 ವ್ಯಾಟ್‌ನ ಹೀಟರ್ 12 ವೋಲ್ಟ್‌ನಲ್ಲಿ 12.5 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಸಾಮರ್ಥ್ಯದ ಸಾಮಾನ್ಯ ಸೀಸ-ಆಮ್ಲ ಬ್ಯಾಟರಿಯ ಅರ್ಧದಷ್ಟನ್ನು, ಅಂದರೆ 50 ಆಂಪಿಯರ್-ಅವರ್ ಮಾತ್ರ ಬಳಸುವುದು ಬ್ಯಾಟರಿಯ ಬಾಳಿಕೆಗೆ ಹಿತ. ಇಷ್ಟು ಶಕ್ತಿ ನಾಲ್ಕು ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಆದಕಾರಣ ಎಂಜಿನ್ ನಡೆಯುತ್ತಿರುವಾಗ ಮಾತ್ರ ಈ ಕ್ರಮವನ್ನು ಬಳಸಬೇಕು. ಎಂಜಿನ್ ನಿಂತ ಕೂಡಲೇ ಸಂಪರ್ಕವನ್ನು ಕಡಿಯುವ ರಿಲೇ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಇಲ್ಲದಿದ್ದಲ್ಲಿ ಬೆಳಿಗ್ಗೆ ವಾಹನವನ್ನು ಚಾಲೂ ಮಾಡಲು ಬ್ಯಾಟರಿಯಲ್ಲಿ ಶಕ್ತಿ ಉಳಿಯುವುದಿಲ್ಲ.

ಕಂಪ್ರೆಸರ್ ವಿಧವು ಬೇಕಾದಾಗ ಮಾತ್ರ ನಡೆದು ನಿಲ್ಲುವುದರಿಂದ ಒಟ್ಟು ಬಳಕೆ ಬಹಳ ಕಡಿಮೆ. ಪ್ರತ್ಯೇಕ ಬ್ಯಾಟರಿ ಹಾಗೂ ಮೇಲ್ಛಾವಣಿಯ ಸೌರ ಫಲಕದೊಂದಿಗೆ ಇದನ್ನು ರಾತ್ರಿಯೂ ನಡೆಸಬಹುದು.

ಕಡಿಮೆ ವೋಲ್ಟೇಜ್‌ನಲ್ಲಿ ಹೆಚ್ಚು ಆಂಪಿಯರ್ ಹರಿಯುವುದರಿಂದ ತಂತಿಗಳು ಸಾಕಷ್ಟು ದಪ್ಪವಾಗಿರಬೇಕು. ಬ್ಯಾಟರಿಯ ಸಮೀಪದಲ್ಲಿಯೇ ತಕ್ಕ ಅಳತೆಯ ಫ್ಯೂಸ್ ಇರಬೇಕು. ಸುಟ್ಟ ಫ್ಯೂಸ್‌ಗೆ ಬದಲಾಗಿ ತಂತಿ ಸುತ್ತುವುದು ಅಥವಾ ಹೆಚ್ಚಿನ ಅಳತೆಯ ಫ್ಯೂಸ್ ಹಾಕುವುದು ಕೂಡದು. 12 ವೋಲ್ಟ್‌ನಿಂದ ಶಾಕ್ ತಗುಲದಿದ್ದರೂ ಕಾದ ತಂತಿಯಿಂದ ಬೆಂಕಿ ಹೊತ್ತಿಕೊಳ್ಳಬಲ್ಲದು.

5. ಮುಖ್ಯ ವಿದ್ಯುತ್ತಿನಿಂದ ಚಾಲನೆ

ಭಾರತದಲ್ಲಿ ಮನೆ ಮತ್ತು ತಂಗುದಾಣಗಳ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್ ಆಗಿರುತ್ತದೆ. ಅಮೆರಿಕದಲ್ಲಿ ಇದು 120 ವೋಲ್ಟ್, 60 ಹರ್ಟ್ಸ್. ಆಮದು ಮಾಡಿಕೊಂಡ ವಾಹನ ಅಥವಾ ರೆಫ್ರಿಜರೇಟರ್ ಬಳಸುವವರು ಅದರ ಮೇಲಿನ ಫಲಕದಲ್ಲಿ ನಮೂದಿಸಿದ ವೋಲ್ಟೇಜ್ ನೋಡದೆ ಸಂಪರ್ಕ ನೀಡಬಾರದು. ಈ ಕೆಳಕಂಡ ಮುನ್ನೆಚ್ಚರಿಕೆಗಳು ಅವಶ್ಯಕ.

- ಮೂರು ಪಿನ್ನಿನ, ಸಮರ್ಪಕ ಅರ್ಥಿಂಗ್ ಇರುವ ಸಾಕೆಟ್‌ನಿಂದ ಮಾತ್ರ ವಿದ್ಯುತ್ ಪಡೆಯತಕ್ಕದ್ದು. ವಾಹನದ ಲೋಹದ ಮೈ ನೆಲದಿಂದ ಟೈರುಗಳ ಮೂಲಕ ಬೇರ್ಪಟ್ಟಿರುತ್ತದೆ. ಸೋರಿಕೆ ಇದ್ದು ಅರ್ಥಿಂಗ್ ಇಲ್ಲದಿದ್ದಲ್ಲಿ, ನೆಲದ ಮೇಲೆ ನಿಂತು ಬಾಗಿಲ ಹಿಡಿಕೆಯನ್ನು ಮುಟ್ಟಿದವರಿಗೆ ಶಾಕ್ ತಗುಲುತ್ತದೆ.
- ವಾಹನದೊಳಗೆ 30 ಮಿಲಿ ಆಂಪಿಯರ್‌ನ ಸೋರಿಕೆ ರಕ್ಷಕ ಸ್ವಿಚ್ ಇರತಕ್ಕದ್ದು. ಅದರ ಪರೀಕ್ಷಾ ಗುಂಡಿಯನ್ನು ಪ್ರತಿ ಬಾರಿ ಸಂಪರ್ಕ ಪಡೆದಾಗಲೂ ಒತ್ತಿ ನೋಡತಕ್ಕದ್ದು.
- ಕೇಬಲ್ಲನ್ನು ಮೊದಲು ವಾಹನಕ್ಕೆ, ನಂತರ ಸಾಕೆಟ್‌ಗೆ ಜೋಡಿಸಬೇಕು. ತೆಗೆಯುವಾಗ ಮೊದಲು ಸಾಕೆಟ್‌ನಿಂದ ತೆಗೆಯಬೇಕು.
- ಸುರುಳಿಯಲ್ಲಿ ಸುತ್ತಿದ ಕೇಬಲ್ಲನ್ನು ಪೂರ್ತಿ ಬಿಚ್ಚಿ ಬಳಸತಕ್ಕದ್ದು. ಸುತ್ತಿದ ಸ್ಥಿತಿಯಲ್ಲಿ ವಿದ್ಯುತ್ ಹರಿದಾಗ ಅದು ಕಾದು ಹೊದಿಕೆ ಕರಗುವ ಸಂಭವವಿದೆ.
- ಮಳೆಗಾಲದಲ್ಲಿ ಜೋಡಣೆಗಳು ನೀರು ನಿಲ್ಲುವ ಜಾಗದಲ್ಲಿರಬಾರದು.
- ರಸ್ತೆ ಬದಿಯ ಕಂಬ ಅಥವಾ ಬೀದಿ ದೀಪದ ಪೆಟ್ಟಿಗೆಯಿಂದ ಸಂಪರ್ಕ ಪಡೆಯುವುದು ಜೀವಕ್ಕೆ ಅಪಾಯಕಾರಿ ಹಾಗೂ ಶಿಕ್ಷಾರ್ಹ ಅಪರಾಧ.

6. ಅನಿಲದಿಂದ ಚಾಲನೆ: ಸಿಲಿಂಡರ್, ರೆಗ್ಯುಲೇಟರ್ ಮತ್ತು ಕೊಳವೆ

ದ್ರವೀಕೃತ ಪೆಟ್ರೋಲಿಯಂ ಅನಿಲವು ಗಾಳಿಗಿಂತ ಭಾರವಾದುದು. ಸೋರಿದ ಅನಿಲ ಮೇಲೇರಿ ಕಿಟಕಿಯಿಂದ ಹೊರಹೋಗುವುದಿಲ್ಲ; ನೆಲಮಟ್ಟದಲ್ಲಿ, ಹಾಸಿಗೆಯ ಕೆಳಗೆ, ಪೆಟ್ಟಿಗೆಗಳ ಒಳಗೆ ನೀರಿನಂತೆ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ದ್ರವವು ಸುಮಾರು 250 ಲೀಟರ್ ಅನಿಲವಾಗಿ ಹರಡುತ್ತದೆ. ಕ್ಯಾರವಾನ್‌ನಂತಹ ಕಿರಿದಾದ ಜಾಗದಲ್ಲಿ ಸಣ್ಣ ಸೋರಿಕೆಯೂ ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ. ಸೋರಿಕೆ ಪತ್ತೆಯಾಗಲೆಂದು ಅನಿಲಕ್ಕೆ ಕಟುವಾಸನೆಯ ಮರ್‌ಕ್ಯಾಪ್ಟನ್ ಬೆರೆಸಲಾಗಿರುತ್ತದೆ.

ಮಧುರೈ ರೈಲು ನಿಲ್ದಾಣದಲ್ಲಿ 2023ರ ಆಗಸ್ಟ್ 26ರಂದು ನಿಂತಿದ್ದ ಪ್ರವಾಸಿ ರೈಲು ಬೋಗಿಯೊಂದರಲ್ಲಿ, ನಿಯಮಬಾಹಿರವಾಗಿ ಒಯ್ದಿದ್ದ ಅನಿಲ ಸಿಲಿಂಡರ್‌ನಿಂದ ಬೆಂಕಿ ಹೊತ್ತಿಕೊಂಡು ಒಂಬತ್ತು ಮಂದಿ ಮೃತಪಟ್ಟರು. ಪ್ರಯಾಣದ ವಾಹನದೊಳಗೆ, ಅನಿಲಕ್ಕಾಗಿ ರೂಪಿಸದ ಜಾಗದಲ್ಲಿ ಸಿಲಿಂಡರ್ ಇಡುವುದರ ಪರಿಣಾಮಕ್ಕೆ ಇದು ನಿದರ್ಶನ.

ಸಿಲಿಂಡರ್‌ಗೆ ಸಂಬಂಧಿಸಿದಂತೆ ಈ ಅಂಶಗಳನ್ನು ಗಮನಿಸತಕ್ಕದ್ದು.

- ಸಿಲಿಂಡರ್ ಇಡುವ ಖಾನೆಯು ವಾಸದ ಭಾಗದಿಂದ ಸಂಪೂರ್ಣ ಬೇರ್ಪಟ್ಟಿದ್ದು, ಹೊರಗಿನಿಂದ ಮಾತ್ರ ತೆರೆಯುವಂತಿರಬೇಕು. ಸೋರಿದ ಅನಿಲ ಹೊರಹೋಗಲು ಖಾನೆಯ ತಳದಲ್ಲಿ ರಂಧ್ರಗಳಿರಬೇಕು. ಅವುಗಳನ್ನು ಚಿಂದಿ ಅಥವಾ ಚಾಪೆಯಿಂದ ಮುಚ್ಚಬಾರದು.
- ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿಯತಕ್ಕದ್ದು. ಮಲಗಿಸಿದಲ್ಲಿ ಅನಿಲದ ಬದಲು ದ್ರವವೇ ರೆಗ್ಯುಲೇಟರ್‌ಗೆ ಹರಿದು ಜ್ವಾಲೆ ಏಕಾಏಕಿ ಹೆಚ್ಚಬಹುದು.
- ಗೃಹಬಳಕೆಯ 14.2 ಕಿ.ಗ್ರಾಂ. ಸಿಲಿಂಡರ್ ಮನೆಯ ಅಡುಗೆಗೆ ಮಾತ್ರ ಮೀಸಲು. ಅದನ್ನು ಕ್ಯಾರವಾನ್‌ನಲ್ಲಿ ಅಥವಾ ಬಾಡಿಗೆ ವಾಹನದಲ್ಲಿ ಬಳಸುವುದು ದ್ರವೀಕೃತ ಪೆಟ್ರೋಲಿಯಂ ಅನಿಲ (ಪೂರೈಕೆ ಮತ್ತು ವಿತರಣೆ ನಿಯಂತ್ರಣ) ಆದೇಶ, 2000ಕ್ಕೆ ವಿರುದ್ಧ.
- ಸಿಲಿಂಡರ್‌ನ ಹಿಡಿಕೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಪೈಕಿ ಒಂದು ಅಕ್ಷರ ಹಾಗೂ ವರ್ಷವನ್ನು ನಮೂದಿಸಿರುತ್ತಾರೆ. ಎ ಎಂದರೆ ಮಾರ್ಚ್, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಅಂತ್ಯ. ಆ ದಿನಾಂಕದೊಳಗೆ ಸಿಲಿಂಡರ್‌ನ ಮರುಪರೀಕ್ಷೆ ಆಗಬೇಕು. ಅವಧಿ ಮೀರಿದ ಸಿಲಿಂಡರ್ ಸ್ವೀಕರಿಸಬಾರದು.
- ರಬ್ಬರ್ ಕೊಳವೆಯ ಬದಲು ಭಾರತೀಯ ಮಾನಕ ಗುರುತುಳ್ಳ ಸುರಕ್ಷಾ ಕೊಳವೆಯನ್ನೇ ಬಳಸತಕ್ಕದ್ದು. ಬಿರುಕಿಲ್ಲದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸತಕ್ಕದ್ದು. ಚಲಿಸುವ ವಾಹನದಲ್ಲಿ ಅಲುಗಾಟದಿಂದ ಜೋಡಣೆಗಳು ಸಡಿಲಗೊಳ್ಳುವುದರಿಂದ ಪ್ರತಿ ಪ್ರವಾಸಕ್ಕೂ ಮುನ್ನ ಪರೀಕ್ಷಿಸುವುದು ಅಗತ್ಯ.
- ರೆಗ್ಯುಲೇಟರ್‌ನ ಒತ್ತಡವು ರೆಫ್ರಿಜರೇಟರ್‌ಗೆ ಹೊಂದಿರಬೇಕು. ಭಾರತದ ಗೃಹಬಳಕೆಯ ರೆಗ್ಯುಲೇಟರ್ ಹಾಗೂ ಯುರೋಪಿನ ಹೊಸ ವಾಹನಗಳ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡ ನೀಡುತ್ತವೆ. ಹೋಟೆಲ್ ಒಲೆಗಳ ಅಧಿಕ ಒತ್ತಡದ ರೆಗ್ಯುಲೇಟರನ್ನು ಎಂದಿಗೂ ಜೋಡಿಸಬಾರದು.

ಸೋರಿಕೆಯನ್ನು ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುವುದೇ ಎಂದು ನೋಡಿ ಪತ್ತೆ ಹಚ್ಚತಕ್ಕದ್ದು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಪ್ರಾಣಾಪಾಯಕರ.

ಅನಿಲದ ಬಳಕೆಯು ರೆಫ್ರಿಜರೇಟರ್‌ನ ಗಾತ್ರ ಹಾಗೂ ಹವೆಯನ್ನು ಅವಲಂಬಿಸಿ ದಿನಕ್ಕೆ ಸುಮಾರು 250ರಿಂದ 400 ಗ್ರಾಂ ಇರುತ್ತದೆ. ಇದರಂತೆ 5 ಕಿ.ಗ್ರಾಂ. ಸಿಲಿಂಡರ್ ಸುಮಾರು ಎರಡು ವಾರ ಬರಬಹುದು. ನಿರೀಕ್ಷೆಗಿಂತ ಬಹಳ ಬೇಗ ಖಾಲಿಯಾದಲ್ಲಿ ಸೋರಿಕೆಯನ್ನು ಶಂಕಿಸತಕ್ಕದ್ದು.

7. ಜ್ವಾಲೆ ಮತ್ತು ಗಾಳಿಕಿಂಡಿ

ರೆಫ್ರಿಜರೇಟರ್‌ನ ಹಿಂಭಾಗ, ಬರ್ನರ್ ಹಾಗೂ ಹೊಗೆಕೊಳವೆ ಇರುವ ಜಾಗವು ವಾಸದ ಭಾಗದಿಂದ ಗಾಳಿಯಾಡದಂತೆ ಮುಚ್ಚಿದ್ದು, ಹೊರಗಿನ ಗಾಳಿಗೆ ಮಾತ್ರ ತೆರೆದಿರಬೇಕು. ಕೆಳಗಿನ ಕಿಂಡಿಯಿಂದ ತಾಜಾ ಗಾಳಿ ಒಳಬಂದು, ಬಿಸಿ ಗಾಳಿ ಮತ್ತು ದಹನದ ಹೊಗೆ ಮೇಲಿನ ಕಿಂಡಿಯಿಂದ ಹೊರಹೋಗುತ್ತವೆ. ಮಳೆ, ಧೂಳು ಅಥವಾ ಚಳಿ ಬರುತ್ತದೆಂದು ಈ ಕಿಂಡಿಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದು ಅಥವಾ ಟಾರ್ಪಾಲು ಹೊದಿಸುವುದು ಕೂಡದು. ಪೀಠೋಪಕರಣ ಕೆಲಸ ಮಾಡಿಸುವಾಗ ರೆಫ್ರಿಜರೇಟರ್‌ನ ಸುತ್ತಲಿನ ಮುಚ್ಚಿಗೆಯನ್ನು ಕೊರೆದು ತಂತಿ ಅಥವಾ ಕೊಳವೆ ಎಳೆದಿದ್ದಲ್ಲಿ ಆ ರಂಧ್ರವನ್ನು ಮುಚ್ಚಿಸತಕ್ಕದ್ದು.

ಸರಿಯಾದ ಜ್ವಾಲೆಯು ನೀಲಿ ಬಣ್ಣದ್ದಾಗಿದ್ದು ಸ್ಥಿರವಾಗಿರುತ್ತದೆ. ಹಳದಿ ಜ್ವಾಲೆ, ಕಿಂಡಿಯ ಸುತ್ತ ಮಸಿ, ಕಮಟು ವಾಸನೆ ಇವು ದಹನಕ್ಕೆ ಗಾಳಿ ಸಾಲದಿರುವುದರ ಗುರುತುಗಳು. ಬಹುದಿನ ನಿಂತ ವಾಹನಗಳಲ್ಲಿ ಜೇಡರಬಲೆ, ಕಣಜದ ಗೂಡು ಹಾಗೂ ತುಕ್ಕಿನ ಪುಡಿ ಬರ್ನರ್‌ನ ರಂಧ್ರವನ್ನು ಕಟ್ಟುವುದು ಸಾಮಾನ್ಯ. ವರ್ಷಕ್ಕೊಮ್ಮೆ ಅರ್ಹ ತಂತ್ರಜ್ಞರಿಂದ ಬರ್ನರ್ ಮತ್ತು ಹೊಗೆಕೊಳವೆಯನ್ನು ಸ್ವಚ್ಛಗೊಳಿಸತಕ್ಕದ್ದು. ಅನಿಲ ಬರುವ ಸಣ್ಣ ರಂಧ್ರಕ್ಕೆ ಸೂಜಿ ಚುಚ್ಚಬಾರದು. ರಂಧ್ರ ಹಿಗ್ಗಿದಲ್ಲಿ ಜ್ವಾಲೆ ಮಿತಿಮೀರುತ್ತದೆ.

ಜ್ವಾಲೆ ಆರಿದಾಗ ಅನಿಲವನ್ನು ತಾನಾಗಿ ನಿಲ್ಲಿಸುವ ಸುರಕ್ಷಾ ಸಾಧನ ಪ್ರತಿಯೊಂದು ಅನಿಲ ರೆಫ್ರಿಜರೇಟರ್‌ನಲ್ಲಿಯೂ ಇರುತ್ತದೆ. ಜ್ವಾಲೆ ನಿಲ್ಲುತ್ತಿಲ್ಲವೆಂದು ಈ ಸಾಧನವನ್ನು ಕಟ್ಟಿಹಾಕುವುದು ಅಥವಾ ತೆಗೆದುಹಾಕುವುದು ಅತ್ಯಂತ ಅಪಾಯಕಾರಿ. ಸಮುದ್ರ ಮಟ್ಟದಿಂದ ಸುಮಾರು 1,000 ಮೀಟರ್‌ಗಿಂತ ಎತ್ತರದ ಪ್ರದೇಶದಲ್ಲಿ ಜ್ವಾಲೆ ಹೊತ್ತಿಕೊಳ್ಳಲು ತೊಂದರೆಯಾಗಬಹುದೆಂದು ಕೆಲವು ತಯಾರಕರ ಕೈಪಿಡಿಗಳಲ್ಲಿ ತಿಳಿಸಲಾಗಿದೆ. ಗಿರಿಧಾಮಗಳಲ್ಲಿ ಹೀಗಾದಲ್ಲಿ ಪದೇ ಪದೇ ಹೊತ್ತಿಸಲು ಯತ್ನಿಸದೆ ವಿದ್ಯುತ್ತಿಗೆ ಬದಲಾಯಿಸತಕ್ಕದ್ದು.

8. ಪೆಟ್ರೋಲ್ ಬಂಕ್‌ನಲ್ಲಿ ಎಚ್ಚರಿಕೆ

ಇಂಧನ ತುಂಬುವಾಗ ಪೆಟ್ರೋಲ್ ಆವಿ ಗಾಳಿಯಲ್ಲಿರುತ್ತದೆ. ರೆಫ್ರಿಜರೇಟರ್‌ನ ಬರ್ನರ್ ತೆರೆದ ಕಿಂಡಿಯ ಹಿಂದೆಯೇ ಇರುವುದರಿಂದ ಬಂಕ್ ಪ್ರವೇಶಿಸುವ ಮುನ್ನವೇ ಅನಿಲವನ್ನು ಬಂದ್ ಮಾಡತಕ್ಕದ್ದು.

ಶಕ್ತಿಮೂಲವನ್ನು ತಾನಾಗಿ ಆರಿಸುವ ಸ್ವಯಂಚಾಲಿತ ಮಾದರಿಗಳಲ್ಲಿ ವಿಶೇಷ ಗಮನ ಅಗತ್ಯ. ಎಂಜಿನ್ ನಿಂತ ನಂತರ ಇವು ಕೆಲವು ನಿಮಿಷ ಕಾದು, ಬೇರೆ ವಿದ್ಯುತ್ ಇಲ್ಲದಿದ್ದಲ್ಲಿ ಅನಿಲವನ್ನು ತಾವಾಗಿಯೇ ಹೊತ್ತಿಸುತ್ತವೆ. ಕೆಲವು ಮಾದರಿಗಳಲ್ಲಿ ಈ ಅಂತರ 15 ನಿಮಿಷವಿರುತ್ತದೆ. ಬಂಕ್‌ನಲ್ಲಿ ಸರದಿ ದೀರ್ಘವಾದಲ್ಲಿ ಜ್ವಾಲೆಯು ಅಲ್ಲಿಯೇ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಆದುದರಿಂದ ಸ್ವಯಂಚಾಲಿತ ವ್ಯವಸ್ಥೆಯನ್ನು ನೆಚ್ಚಿಕೊಳ್ಳದೆ ಸಿಲಿಂಡರ್ ವಾಲ್ವನ್ನೇ ಮುಚ್ಚುವುದು ಕ್ಷೇಮ.

9. ಕಾರ್ಬನ್ ಮೊನಾಕ್ಸೈಡ್ ಮತ್ತು ಜನರೇಟರ್

ಕಾರ್ಬನ್ ಮೊನಾಕ್ಸೈಡ್ ಬಣ್ಣವಾಗಲೀ ವಾಸನೆಯಾಗಲೀ ಇಲ್ಲದ ವಿಷಾನಿಲ. ಇಂಧನವು ಪೂರ್ಣವಾಗಿ ಉರಿಯದಿದ್ದಾಗ ಇದು ಉತ್ಪತ್ತಿಯಾಗುತ್ತದೆ. ರಕ್ತವು ಆಮ್ಲಜನಕ ಒಯ್ಯುವುದನ್ನು ಇದು ತಡೆಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ ಇದರ ಲಕ್ಷಣಗಳು. ವಾಹನದಲ್ಲಿರುವ ಎಲ್ಲರಿಗೂ ಒಮ್ಮೆಲೇ ತಲೆನೋವು ಬಂದು, ಹೊರಗೆ ಬಂದಾಗ ಕಡಿಮೆಯಾದಲ್ಲಿ ಇದನ್ನೇ ಶಂಕಿಸತಕ್ಕದ್ದು. ನಿದ್ರಿಸುತ್ತಿರುವವರಿಗೆ ಈ ಲಕ್ಷಣಗಳು ಅರಿವಿಗೆ ಬರುವುದೇ ಇಲ್ಲ.

ಅನಿಲವನ್ನು ಬಿಟ್ಟು ವಿದ್ಯುತ್ ಬಳಸಿದ ಮಾತ್ರಕ್ಕೆ ಈ ಅಪಾಯ ದೂರವಾಗುವುದಿಲ್ಲ. ಆ ವಿದ್ಯುತ್ ಎಲ್ಲಿಂದ ಬರುತ್ತಿದೆ ಎಂಬುದು ಮುಖ್ಯ. 2024ರ ಡಿಸೆಂಬರ್‌ನಲ್ಲಿ ಕೇರಳದ ಕೋಳಿಕ್ಕೋಡ್ ಜಿಲ್ಲೆಯ ವಡಗರದ ಬಳಿ ರಸ್ತೆ ಬದಿಯಲ್ಲಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಮೃತಪಟ್ಟಿರುವುದು ಕಂಡುಬಂದಿತು. ವಾಹನದ ಜನರೇಟರ್‌ನಿಂದ ಹೊರಟ ಕಾರ್ಬನ್ ಮೊನಾಕ್ಸೈಡ್ ಒಳಭಾಗಕ್ಕೆ ಸೇರಿದ್ದೇ ಸಾವಿಗೆ ಕಾರಣವೆಂದು ತಜ್ಞರ ಪರಿಶೀಲನೆಯಿಂದ ತಿಳಿದುಬಂದಿತು.

ಆದಕಾರಣ ಈ ಕೆಳಕಂಡ ಕ್ರಮಗಳು ಅವಶ್ಯಕ.

- ನಿದ್ರಿಸುವ ವೇಳೆ ಜನರೇಟರ್ ಚಾಲನೆಯಲ್ಲಿಡಬಾರದು. ರೆಫ್ರಿಜರೇಟರ್‌ಗಾಗಿ ರಾತ್ರಿಯಿಡೀ ಎಂಜಿನ್ ಚಾಲೂ ಇಡುವುದೂ ಕೂಡದು.
- ಹೊರಗಿಡುವ ಜನರೇಟರನ್ನು ವಾಹನದಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ವಾಹನದ ಕಡೆಗೆ ಬೀಸದಂತೆ ಇಡತಕ್ಕದ್ದು.
- ವಾಹನದ ತಳದಲ್ಲಿ ತಂತಿ, ಕೊಳವೆಗಳಿಗಾಗಿ ಕೊರೆದ ರಂಧ್ರಗಳನ್ನು ಮುಚ್ಚಿಸತಕ್ಕದ್ದು.
- ಮಲಗುವ ಸ್ಥಳದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯನ್ನೂ, ನೆಲಮಟ್ಟದ ಸಮೀಪ ಅಡುಗೆ ಅನಿಲದ ಎಚ್ಚರಿಕೆ ಗಂಟೆಯನ್ನೂ ಅಳವಡಿಸತಕ್ಕದ್ದು. ಇವೆರಡೂ ಬೇರೆ ಬೇರೆ ಸಾಧನಗಳು. ಒಂದು ಮತ್ತೊಂದರ ಕೆಲಸ ಮಾಡುವುದಿಲ್ಲ.
- ಚಳಿಯಿದ್ದರೂ ವಾಹನದ ಶಾಶ್ವತ ಗಾಳಿಕಿಂಡಿಗಳನ್ನು ಮುಚ್ಚಬಾರದು.

10. ಆಹಾರ ಮತ್ತು ಔಷಧಿ

ರೆಫ್ರಿಜರೇಟರ್‌ನ ಒಳಭಾಗವು 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಮುಟ್ಟಿ ನೋಡಿ ಅಂದಾಜಿಸುವ ಬದಲು ಸಣ್ಣ ಥರ್ಮಾಮೀಟರ್ ಇಡುವುದು ಒಳಿತು. ಶಕ್ತಿಮೂಲ ಬದಲಿಸಲು ಮರೆತು ರೆಫ್ರಿಜರೇಟರ್ ನಿಂತಿದ್ದಲ್ಲಿ, ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆಗಳವರೆಗೆ ಮಾತ್ರ ಆಹಾರ ಸುರಕ್ಷಿತ. ಅದಕ್ಕಿಂತ ಹೆಚ್ಚು ಕಾಲವಾದಲ್ಲಿ ಹಾಲು, ಮೀನು, ಮಾಂಸ ಹಾಗೂ ಬೇಯಿಸಿದ ಪದಾರ್ಥಗಳನ್ನು, ವಾಸನೆ ಇಲ್ಲದಿದ್ದರೂ, ವಿಸರ್ಜಿಸತಕ್ಕದ್ದು. ಒಳಗೆ ಗಾಳಿ ಸುಳಿಯಲು ಎಡೆಯಿರುವಂತೆ ಪಾತ್ರೆಗಳನ್ನು ಜೋಡಿಸಬೇಕು. ಬಿಸಿ ಪದಾರ್ಥ ಇಡಬಾರದು.

ಬಳಕೆಗೆ ತೆರೆಯದ ಇನ್ಸುಲಿನ್ ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಅದು ಹೆಪ್ಪುಗಟ್ಟಬಾರದು. ಒಳಗಿನ ತಣ್ಣನೆಯ ಹಿಂಗೋಡೆಗೆ ತಾಗಿಸದೆ ನಡುವಿನ ಅರೆಯಲ್ಲಿಡುವುದು ಸೂಕ್ತ. ಇಂತಹ ಔಷಧಿ ಒಯ್ಯುವವರು ರೆಫ್ರಿಜರೇಟರ್ ಒಂದನ್ನೇ ನಂಬದೆ ಮಂಜುಗಡ್ಡೆಯ ಚೀಲವಿರುವ ಪ್ರತ್ಯೇಕ ಪೆಟ್ಟಿಗೆಯನ್ನು ಜೊತೆಗಿಟ್ಟುಕೊಳ್ಳತಕ್ಕದ್ದು. ಔಷಧಿಯು ಮಂಜುಗಡ್ಡೆಗೆ ನೇರವಾಗಿ ತಾಗಬಾರದು.

11. ತುರ್ತು ಸಂದರ್ಭದಲ್ಲಿ ಅನುಸರಿಸಬೇಕಾದ ಕ್ರಮ

ಅಡುಗೆ ಅನಿಲದ ವಾಸನೆ ಬಂದಲ್ಲಿ: ಯಾವುದೇ ಸ್ವಿಚ್ ಹಾಕಬಾರದು, ಆರಿಸಲೂ ಬಾರದು. ಎಂಜಿನ್ ಚಾಲೂ ಮಾಡಬಾರದು. ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಬಂದು, ಹೊರಗಿನಿಂದ ಸಿಲಿಂಡರ್ ವಾಲ್ವ್ ಮುಚ್ಚತಕ್ಕದ್ದು. ವಾಹನದಿಂದ ದೂರ ಸರಿದ ನಂತರ ದೂರವಾಣಿ ಬಳಸತಕ್ಕದ್ದು.

ಅಮೋನಿಯದ ಕಟುವಾಸನೆ ಬಂದಲ್ಲಿ: ಮೂತ್ರದ ಘಾಟಿನಂತಹ ತೀಕ್ಷ್ಣ ವಾಸನೆ, ಕಣ್ಣುರಿ ಹಾಗೂ ಹಿಂಭಾಗದಲ್ಲಿ ಹಳದಿ ಪುಡಿ ಕಂಡಲ್ಲಿ ಕೊಳವೆ ಒಡೆದಿದೆ ಎಂದು ತಿಳಿಯತಕ್ಕದ್ದು. ಅಮೋನಿಯದೊಂದಿಗೆ ಜಲಜನಕವೂ ಸೋರುವುದರಿಂದ ಬೆಂಕಿಯ ಅಪಾಯವಿದೆ. ಇಂತಹ ಬಿರುಕಿನಿಂದ ಬೆಂಕಿ ತಗುಲಬಹುದೆಂಬ ಕಾರಣಕ್ಕೆ 2006ರಲ್ಲಿ ಅಮೆರಿಕದಲ್ಲಿ ದೊಡ್ಡ ಸಂಖ್ಯೆಯ ರೆಫ್ರಿಜರೇಟರ್‌ಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಲಾಯಿತು. ಅನಿಲ ಹಾಗೂ ವಿದ್ಯುತ್ತನ್ನು ಹೊರಗಿನಿಂದ ಕಡಿತಗೊಳಿಸಿ ಹೊರಬರತಕ್ಕದ್ದು. ಹಳದಿ ಪುಡಿ ವಿಷಕಾರಿಯಾದುದರಿಂದ ಮುಟ್ಟಬಾರದು. ಈ ರೆಫ್ರಿಜರೇಟರನ್ನು ಪುನಃ ಚಾಲನೆ ಮಾಡಬಾರದು.

ಬೆಂಕಿ ಹೊತ್ತಿಕೊಂಡಲ್ಲಿ: ಮೊದಲು ಜನರನ್ನು ಹೊರತರಬೇಕು. ಸುರಕ್ಷಿತವಾಗಿ ತಲುಪಲು ಸಾಧ್ಯವಿದ್ದಲ್ಲಿ ಮಾತ್ರ ಸಿಲಿಂಡರ್ ವಾಲ್ವ್ ಮುಚ್ಚಬೇಕು. ಸಾಮಾನು ಉಳಿಸಲು ಮರಳಿ ಒಳಹೋಗಬಾರದು. ಒಣ ಪುಡಿಯ ಅಗ್ನಿಶಾಮಕವನ್ನು ಬಾಗಿಲ ಬಳಿಯೇ ಇಡತಕ್ಕದ್ದು.

12. ವಾಹನ ಮಾಲೀಕರು ಹಾಗೂ ಬಾಡಿಗೆದಾರರ ಗಮನಕ್ಕೆ

ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸಲು ಅವಕಾಶವಿರುವುದಿಲ್ಲ. ವ್ಯಾನ್ ಅಥವಾ ಬಸ್ಸನ್ನು ಕ್ಯಾರವಾನ್ ಆಗಿ ಪರಿವರ್ತಿಸಲು ಇಚ್ಛಿಸುವವರು ಕೆಲಸ ಆರಂಭಿಸುವ ಮುನ್ನ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಮೋಟಾರು ಕ್ಯಾರವಾನ್‌ಗಳ ಅನುಮೋದನೆಗೆ ಎಐಎಸ್-124 ಎಂಬ ಮಾನದಂಡ ಜಾರಿಯಲ್ಲಿದೆ. ಹೊಸದಾಗಿ ಪರಿವರ್ತಿಸುವವರಿಗೆ, ಜ್ವಾಲೆಯಿಲ್ಲದ ಕಂಪ್ರೆಸರ್ ವಿಧವನ್ನು ಪ್ರತ್ಯೇಕ ಬ್ಯಾಟರಿ ಮತ್ತು ಸೌರ ಫಲಕದೊಂದಿಗೆ ಅಳವಡಿಸುವುದು ನಮ್ಮ ಹವಾಮಾನಕ್ಕೆ ಹೆಚ್ಚು ಸೂಕ್ತ.

ಬಾಡಿಗೆಗೆ ಪಡೆಯುವವರು ವಾಹನ ಸ್ವೀಕರಿಸುವ ಮುನ್ನ ಈ ಕೆಳಕಂಡವುಗಳನ್ನು ಕೇಳಿ ತಿಳಿಯತಕ್ಕದ್ದು.

(1) ರೆಫ್ರಿಜರೇಟರ್ ಯಾವ ವಿಧದ್ದು, ಯಾವ ಶಕ್ತಿಮೂಲದಿಂದ ನಡೆಯುತ್ತದೆ.
(2) ಸಿಲಿಂಡರ್ ವಾಲ್ವ್ ಎಲ್ಲಿದೆ, ಮುಚ್ಚುವುದು ಹೇಗೆ.
(3) ಎರಡೂ ಎಚ್ಚರಿಕೆ ಗಂಟೆಗಳು ಕೆಲಸ ಮಾಡುತ್ತಿವೆಯೇ.
(4) ಅನಿಲ ವ್ಯವಸ್ಥೆಯ ತಪಾಸಣೆ ಕಡೆಯದಾಗಿ ಯಾವಾಗ ಆಯಿತು.
(5) ಅಗ್ನಿಶಾಮಕ ಹಾಗೂ ತುರ್ತು ನಿರ್ಗಮನ ಎಲ್ಲಿವೆ.

ತೃಪ್ತಿಕರ ಉತ್ತರ ದೊರೆಯದಿದ್ದಲ್ಲಿ ಅನಿಲವನ್ನು ಬಳಸದಿರುವುದೇ ಕ್ಷೇಮ. ವಿದೇಶಗಳಲ್ಲಿ ಬಾಡಿಗೆಗೆ ಪಡೆಯುವವರು, ಕೆಲವು ಸುರಂಗ ಮಾರ್ಗ ಹಾಗೂ ದೋಣಿ ಸೇವೆಗಳಲ್ಲಿ ಅನಿಲ ಸಿಲಿಂಡರ್‌ಗಳಿಗೆ ನಿರ್ಬಂಧವಿರುವುದನ್ನು ಮೊದಲೇ ವಿಚಾರಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯ ಸಾಮಾನ್ಯ ರೆಫ್ರಿಜರೇಟರನ್ನು ಕ್ಯಾರವಾನ್‌ನಲ್ಲಿ ಬಳಸಬಹುದೇ?
ಉತ್ತರ: ಬಳಸದಿರುವುದು ಉತ್ತಮ. ಅದು ರಸ್ತೆಯ ಅಲುಗಾಟಕ್ಕೆ ರೂಪಿತವಾದುದಲ್ಲ. ಬಾಗಿಲಿಗೆ ಪ್ರಯಾಣದ ಚಿಲಕ ಇರುವುದಿಲ್ಲ. ಬ್ಯಾಟರಿಯಿಂದ ನಡೆಸಲು ಇನ್ವರ್ಟರ್ ಬೇಕಾಗುತ್ತದೆ.

ಪ್ರಶ್ನೆ: ರಾತ್ರಿ ಮಲಗುವಾಗ ಅನಿಲ ರೆಫ್ರಿಜರೇಟರ್ ನಡೆಸಬಹುದೇ?
ಉತ್ತರ: ಸರಿಯಾಗಿ ಅಳವಡಿಸಿ ವರ್ಷಕ್ಕೊಮ್ಮೆ ತಪಾಸಣೆಗೊಳಪಟ್ಟ, ಹಿಂಭಾಗವು ಪೂರ್ಣ ಮುಚ್ಚಿದ, ಎಚ್ಚರಿಕೆ ಗಂಟೆಗಳಿರುವ ವಾಹನದಲ್ಲಿ ನಡೆಸಬಹುದು. ಇವುಗಳಲ್ಲಿ ಯಾವುದೊಂದು ಇಲ್ಲದಿದ್ದರೂ ನಡೆಸಬಾರದು.

ಪ್ರಶ್ನೆ: ವಿದ್ಯುತ್ತಿನಲ್ಲಿ ತಂಪಾಗುತ್ತದೆ, ಅನಿಲದಲ್ಲಿ ಆಗುವುದಿಲ್ಲ. ಕಾರಣವೇನು?
ಉತ್ತರ: ಕೊಳವೆ ವ್ಯವಸ್ಥೆ ಸರಿಯಿದೆ ಎಂಬುದು ಇದರಿಂದ ತಿಳಿಯುತ್ತದೆ. ಖಾಲಿ ಸಿಲಿಂಡರ್, ಕಟ್ಟಿಕೊಂಡ ಬರ್ನರ್ ಅಥವಾ ಹೊಂದದ ರೆಗ್ಯುಲೇಟರ್ ಕಾರಣವಾಗಿರಬಹುದು. ತಂತ್ರಜ್ಞರಿಗೆ ತೋರಿಸತಕ್ಕದ್ದು.

ಪ್ರಶ್ನೆ: ಪ್ರವಾಸ ಮುಗಿದ ನಂತರ ಏನು ಮಾಡಬೇಕು?
ಉತ್ತರ: ಎಲ್ಲ ಶಕ್ತಿಮೂಲಗಳನ್ನು ಬಂದ್ ಮಾಡಿ, ಒಳಭಾಗ ಒರೆಸಿ, ಬೂಷ್ಟು ಹಿಡಿಯದಂತೆ ಬಾಗಿಲನ್ನು ಸ್ವಲ್ಪ ತೆರೆದಿಡತಕ್ಕದ್ದು. ಸಿಲಿಂಡರ್ ವಾಲ್ವ್ ಮುಚ್ಚಿರಬೇಕು.

14. ತುರ್ತು ದೂರವಾಣಿ ಸಂಖ್ಯೆಗಳು

ಏಕೀಕೃತ ತುರ್ತು ಸೇವೆ: 112
ಅಗ್ನಿಶಾಮಕ: 101
ಆಂಬ್ಯುಲೆನ್ಸ್: 108
ಅಡುಗೆ ಅನಿಲ ಸೋರಿಕೆ ಸಹಾಯವಾಣಿ: 1906

ಸೂಚನೆ: ಇಲ್ಲಿನ ಅಳತೆಗಳು ಸಾಮಾನ್ಯ ಮಾರ್ಗದರ್ಶನಕ್ಕಾಗಿ ಮಾತ್ರ. ಪ್ರತಿಯೊಂದು ರೆಫ್ರಿಜರೇಟರ್‌ನ ತಯಾರಕರ ಕೈಪಿಡಿಯಲ್ಲಿ ಬೇರೆ ಸೂಚನೆ ಇದ್ದಲ್ಲಿ ಅದನ್ನೇ ಪಾಲಿಸತಕ್ಕದ್ದು. ಅನಿಲ ವ್ಯವಸ್ಥೆಯ ದುರಸ್ತಿಯನ್ನು ಅರ್ಹ ತಂತ್ರಜ್ಞರಿಂದ ಮಾತ್ರ ಮಾಡಿಸತಕ್ಕದ್ದು.